ನಾರ್ವೆಯಲ್ಲಿ ಹ್ಯಾಲೋವೀನ್‌ಗೆ ಮಕ್ಕಳನ್ನು ಕಳಿಸಬೇಕಾ, ಬೇಡವಾ?

"ಇದು ನಮ್ಮ ಹಬ್ಬವೂ ಅಲ್ಲ, ನಾರ್ವೆಯವರದೂ ಅಲ್ಲ, ಸುಮ್ನೆ ಯಾಕೆ" ಅಂತ ಕೇಳಿದ್ದೀರಿ. ಇಲ್ಲಿ ನಾರ್ವೆಯ ಕಾಂಗ್ಸ್‌ಬರ್ಗ್ ಊರಿಗೆ ಬಂದ ಮೊದಲ ವರ್ಷ, 2015ರಲ್ಲಿ, ನಾನು ಹೆಂಡತಿಯ ಜೊತೆ ಇದನ್ನೇ ವಾದ ಮಾಡಿದ್ದೆ. ಮಗಳ ಹಟವೇ ಗೆದ್ದಿತು.

ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ಸಂಜೆ ಮಕ್ಕಳು ಭೂತ, ಅಸ್ಥಿಪಂಜರದಂಥ ವೇಷ ಹಾಕಿಕೊಂಡು ಮನೆ ಮನೆಗೆ ಮಿಠಾಯಿ ಕೇಳಿಕೊಂಡು ಹೋಗುವ ಹಬ್ಬ. ಆ ಸಲ ಅದು ಶನಿವಾರ ಬಂದಿತ್ತು. ಹಿಂದಿನ ಭಾನುವಾರವಷ್ಟೇ ಚಳಿಗಾಲದ ಸಮಯಕ್ಕೆಂದು ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿತ್ತು, ಹಾಗಾಗಿ ಸಂಜೆ ಐದಕ್ಕೆಲ್ಲ ಕತ್ತಲು. ಮಗಳಿಗೆ ಅಸ್ಥಿಪಂಜರದ ವೇಷ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಮನೆಯನ್ನೂ ಬಿಡದೆ ಕರೆದುಕೊಂಡು ಹೋದೆ. ತಪ್ಪಾಗಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮಗೆ ಯಾರೂ ಹೇಳಿರಲಿಲ್ಲ. ಮಕ್ಕಳು ಬರಲಿ ಅನ್ನುವವರು ಬಾಗಿಲ ಮುಂದೆ ಕೊರೆದ ಕುಂಬಳಕಾಯಿಯಲ್ಲೋ ಲಾಂದ್ರದಲ್ಲೋ ದೀಪ ಹಚ್ಚಿಡುತ್ತಾರೆ. ದೀಪ ಇಲ್ಲದ ಮನೆಗೆ ಹೋಗಬಾರದು. ಮೈಸೂರಲ್ಲಿ ದಸರಾಕ್ಕೆ ನಾವು "ಗೊಂಬೆ ಕೂರಿಸಿದೀರಾ?" ಅಂತ ಎಲ್ಲ ಮನೆಯ ಬಾಗಿಲಲ್ಲೂ ಕೇಳುತ್ತಿದ್ದೆವು. ಇಲ್ಲ ಅಂದರೆ ಮುಂದಿನ ಮನೆ, ಅಷ್ಟೇ. ಅದೇ ಅಭ್ಯಾಸದಲ್ಲಿ ಇಲ್ಲೂ ಕತ್ತಲಾಗಿದ್ದ ಕೊನೆಯ ಮನೆಯ ಗಂಟೆ ಒತ್ತಿಸಿದೆ.

ಒಬ್ಬರು ಅಜ್ಜಿ ಬಾಗಿಲು ತೆರೆದರು. ಮಗಳು "ಕ್ನಾಸ್ಕ್ ಎಲ್ಲರ್ ಕ್ನೆಪ್!" ಎಂದು ಕೂಗಿದಳು, ತಿನ್ನೋಕೆ ಕೊಡಿ, ಇಲ್ಲದಿದ್ದರೆ ಕೀಟಲೆ ಅಂತ. ಅಜ್ಜಿ ಅವಳನ್ನೇ ನೋಡಿದರು, ಏನೂ ಹೇಳದೆ ಬಾಗಿಲು ಹಾಕಿಕೊಂಡರು. ಪಕ್ಕದ ಮನೆಯವರು ಸೋಮವಾರ ವಿಷಯ ತಿಳಿಸಿದರು. ಆ ವರ್ಷ ವಸಂತದಲ್ಲಿ, ನಾವು ಬರುವ ಮುಂಚೆ, ಅಜ್ಜಿಯ ಗಂಡ ತೀರಿಕೊಂಡಿದ್ದರು. ನವೆಂಬರ್‌ನ ಮೊದಲ ಭಾನುವಾರ ಇಲ್ಲಿ ಸಕಲ ಸಂತರ ದಿನ. ಚರ್ಚಿನಲ್ಲಿ ಆ ವರ್ಷ ಸತ್ತವರ ಹೆಸರು ಓದುತ್ತಾರೆ, ಸಮಾಧಿಗಳ ಮೇಲೆ ದೀಪ ಇಡುತ್ತಾರೆ. ಅದರ ಹಿಂದಿನ ಸಂಜೆಯೇ ನಾವು ಅಸ್ಥಿಪಂಜರವನ್ನು ಅವರ ಬಾಗಿಲಿಗೆ ಕರೆದೊಯ್ದಿದ್ದೆವು. ಬೀದಿಯಲ್ಲಿ ನಮ್ಮನ್ನು ಮೊದಲು ಮಾತಾಡಿಸಿದವರು ಅವರೇ, ಬ್ಲೂಬೆರಿ ಜಾಮ್ ತಂದುಕೊಟ್ಟಿದ್ದರು. ಆ ಚಳಿಗಾಲವಿಡೀ ಮಾತಿಲ್ಲ. ಇವತ್ತಿಗೂ ನನಗೆ ಅದು ನೋವು.

ಅದಕ್ಕೇ ಹೇಳೋದು, ಹಬ್ಬ ಯಾರದು ಅನ್ನೋ ಪ್ರಶ್ನೆಯನ್ನೇ ಬಿಡಿ. ಹ್ಯಾಲೋವೀನ್ ಇಲ್ಲಿ ಬೇರೂರಿದ್ದು 2000ದ ಆಸುಪಾಸಿನಲ್ಲಿ, ಅಮೆರಿಕದ ದಾರಿಯಲ್ಲಿ ಬಂದದ್ದು, ನಿಜ. ಆದರೆ ತರಗತಿಯ ಮಕ್ಕಳೆಲ್ಲ ಹೊರಟಾಗ ನಿಮ್ಮ ಮಗುವನ್ನು ಮಾತ್ರ ಕಿಟಕಿ ಹತ್ತಿರ ಕೂರಿಸಬೇಡಿ. ಅದರಿಂದ ಯಾವ ಸಂಸ್ಕೃತಿಯೂ ಉಳಿಯೋದಿಲ್ಲ.

ಇಲ್ಲಿನ ಹಿರಿಯರಿಗೆ ಹ್ಯಾಲೋವೀನ್ ಬಗ್ಗೆ ಬೇಜಾರಿರುವುದು ಬೇರೆ ಕಾರಣಕ್ಕೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ ಮಕ್ಕಳು ಮುಖವಾಡ ಹಾಕಿಕೊಂಡು ಮನೆ ಮನೆಗೆ ಹೋಗುವ ಯೂಲೆಬುಕ್ ಅನ್ನೋ ಹಳೇ ಪದ್ಧತಿ ಇದೆ. ಹಾಡು ಹೇಳಬೇಕು, ಮುಖವಾಡದ ಹಿಂದೆ ಯಾರು ಅಂತ ಮನೆಯವರು ಊಹಿಸಬೇಕು, ಆಮೇಲೆ ಕಿತ್ತಳೆ, ಮಿಠಾಯಿ. ಹ್ಯಾಲೋವೀನ್ ಬಂದ ಮೇಲೆ ಅದು ಕಮ್ಮಿಯಾಗುತ್ತಿದೆ. ಮರುವರ್ಷದ ಡಿಸೆಂಬರ್‌ನಲ್ಲಿ ಮಗಳನ್ನು ಅದಕ್ಕೆ ಕಳಿಸಿದೆವು. ಈ ಸಲ ಮೊದಲೇ ಕೇಳಿಕೊಂಡು ಅಜ್ಜಿಯ ಮನೆಗೂ ಹೋದಳು. ಅವರು ಹಾಡು ಪೂರ್ತಿ ಕೇಳಿದರು. ಯಾರೆಂದು ಗೊತ್ತಿದ್ದರೂ ಬೇಕಂತಲೇ ಬೇರೆ ಮಕ್ಕಳ ಹೆಸರು ಹೇಳುತ್ತಾ ಹೋದರು.

ನೀವೂ ಎರಡಕ್ಕೂ ಕಳಿಸಿ. ಅಕ್ಟೋಬರ್‌ನಲ್ಲಿ ದೀಪ ಇರುವ ಮನೆಗಳಿಗೆ ಮಾತ್ರ, ನೀವು ಜೊತೆಗಿರಿ, ವೇಷದ ಮೇಲೆ ರಿಫ್ಲೆಕ್ಸ್, ಅಂದರೆ ವಾಹನದ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ಕಟ್ಟಿ. ನಿಮ್ಮ ಬಾಗಿಲಲ್ಲೂ ಕುಂಬಳಕಾಯಿ ಇಟ್ಟರೆ ಕಾಗದ ಸುತ್ತಿದ ಮಿಠಾಯಿಯನ್ನೇ ಕೊಡಿ. ಮನೆಯಲ್ಲಿ ಮಾಡಿದ ಕಡಲೆಕಾಯಿ ಚಿಕ್ಕಿ ಬೇಡ, ಕಡಲೆಕಾಯಿ ಅಲರ್ಜಿ ಇರುವ ಮಕ್ಕಳು ಬರಬಹುದು. ಯೂಲೆಬುಕ್‌ಗೆ ಶಾಲೆಯಲ್ಲಿ ಕಲಿಸುವ ಕ್ರಿಸ್‌ಮಸ್ ಹಾಡೇ ಸಾಕು, ನವೆಂಬರ್‌ನಿಂದಲೇ ಅಭ್ಯಾಸ ಮಾಡಿಸಿ.