ಸಂಬಳ ತಡವಾಗುತ್ತಿದೆಯಾ? ಇವತ್ತೇ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ

ಕೆಲಸ ಬಿಡುವ ಹೊತ್ತು ಬಂತು ಅಂತ ಹೇಗೆ ತಿಳಿಯೋದು? ಈ ಸಲವೂ ಜಾಸ್ತಿ ಪತ್ರಗಳು ಇದೇ. ಒಂದಕ್ಕೆ ಉದ್ದ ಉತ್ತರ ಕೊಡುತ್ತೇನೆ. ಸಂಬಳ ತಡವಾದರೂ ಕಾಯುತ್ತಾ ಕೂರುವ ತಪ್ಪನ್ನು ಜನ ಮತ್ತೆ ಮತ್ತೆ ಮಾಡೋದು ನೋಡಿ ನನಗೆ ಸಾಕಾಗಿದೆ. ಆ ಪತ್ರ ಹೀಗಿದೆ:

ಪೀಣ್ಯದ ಸಣ್ಣ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿ 4 ವರ್ಷ 4 ತಿಂಗಳಾಯಿತು. ಬೇಸಿಕ್ (ಮೂಲ ಸಂಬಳ) 18,000. ಮೂರು ತಿಂಗಳಿಂದ ಸಂಬಳ 20, 25ನೇ ತಾರೀಖಿಗೆ ಬರುತ್ತಿದೆ. ದೊಡ್ಡ ಆರ್ಡರ್ ಬರುತ್ತೆ, ಸ್ವಲ್ಪ ತಡ್ಕೊಳ್ಳಿ ಅಂತಾರೆ ಮಾಲೀಕರು. 5 ವರ್ಷ ತುಂಬಿಸಿ ಗ್ರಾಚುಟಿ ತಗೊಂಡು ಬಿಡಲಾ?

ಬೇಡ. ಇವತ್ತಿಂದಲೇ ಬೇರೆ ಕೆಲಸ ಹುಡುಕಿ.

ಮೊದಲು ಲೆಕ್ಕ ನೋಡೋಣ. ಗ್ರಾಚುಟಿ ಅಂದರೆ 5 ವರ್ಷ ದುಡಿದವರು ಬಿಡುವಾಗ ಮಾಲೀಕರು ಕೊಡಬೇಕಾದ ಹಣ. ಬೇಸಿಕ್ ಅನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷದಿಂದ ಗುಣಿಸಿ. 5 ವರ್ಷಕ್ಕೆ ನಿಮಗೆ ಸಿಗೋದು ಸುಮಾರು 51,900 ರೂಪಾಯಿ. ಅದಕ್ಕೆ ಇನ್ನೂ ಎಂಟು ತಿಂಗಳು ಕಾಯಬೇಕು. ಅಷ್ಟರಲ್ಲಿ ಮೂರು ತಿಂಗಳ ಸಂಬಳ ಮುಳುಗಿದರೆ ಆ ಗ್ರಾಚುಟಿ ಅಲ್ಲಿಗೆ ಹೋಯಿತು. ಗ್ರಾಚುಟಿ ಕೊಡಬೇಕಾದವರು ಯಾರು? ಸಂಬಳ ಕೊಡಲು ಒದ್ದಾಡುತ್ತಿರುವ ಅದೇ ಮಾಲೀಕರು, ಅಲ್ವಾ? ಕರ್ನಾಟಕದಲ್ಲಿ 2024ರಲ್ಲಿ ಗ್ರಾಚುಟಿಗೆ ವಿಮೆ ಕಡ್ಡಾಯ ಮಾಡಿ ನಿಯಮ ಬಂದಿದೆ. ನಿಮ್ಮ ಫ್ಯಾಕ್ಟರಿ ಪಾಲಿಸಿ ಮಾಡಿಸಿದೆಯಾ ಅಂತ ಅಕೌಂಟ್ಸ್‌ನವರನ್ನು ಕೇಳಿ. ಉತ್ತರ ಕೊಡದೆ ಮಾತು ಮರೆಸಿದರೆ ಆ ಹಣವನ್ನು ಲೆಕ್ಕಕ್ಕೇ ಹಿಡಿಯಬೇಡಿ. 4 ವರ್ಷ 240 ದಿನ ಸಾಕು ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತಿಗೆ ಮದ್ರಾಸ್ ಹೈಕೋರ್ಟಿನ ತೀರ್ಪಿನ ಆಧಾರ ಇದೆ, ನಿಜ. ಆದರೆ ಕಂಪನಿ ಒಪ್ಪದಿದ್ದರೆ ಅಲೆಯಬೇಕಾದವರು ನೀವೇ.

ಈಗ ಮುಖ್ಯ ವಿಷಯ. ನಾನು 2012ರಲ್ಲಿ ಇಂಥದ್ದೇ ಒಂದು ಫ್ಯಾಕ್ಟರಿಯಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಒಂದು ತಿಂಗಳು 15ನೇ ತಾರೀಖು ಪಿಎಫ್ ಚಲನ್ ಹಿಡಿದುಕೊಂಡು ಸಹಿಗೆ ಹೋದರೆ ಮಾಲೀಕರು ಅದನ್ನು ಡ್ರಾಯರಿಗೆ ಹಾಕಿಕೊಂಡು, "ಇದು ಇರಲಿ, ಮೊದಲು ಸಂಬಳ ಕೊಟ್ಟುಬಿಡೋಣ, ಯಾರಿಗೆ ಗೊತ್ತಾಗುತ್ತೆ" ಅಂದರು. ಆವತ್ತು 62 ಸ್ಲಿಪ್ ಮಡಚಿ ಹಂಚಿದ್ದು ನಾನೇ. ಒಂದೊಂದರಲ್ಲೂ ಪಿಎಫ್ ಕಡಿತ 780 ರೂಪಾಯಿ ಅಂತ ಅಚ್ಚಾಗಿತ್ತು. ಒಂದು ರೂಪಾಯಿಯೂ ಕಟ್ಟಿರಲಿಲ್ಲ. ಐದು ತಿಂಗಳಾದ ಮೇಲೆ ಸಂಬಳವೂ ನಿಂತಿತು. ಇದು ಇವತ್ತಿಗೂ ನನ್ನನ್ನು ಕಾಡುತ್ತೆ.

ಮುಳುಗುವ ಕಂಪನಿಯಲ್ಲಿ ಮೊದಲು ನಿಲ್ಲೋದು ಕಣ್ಣಿಗೆ ಕಾಣದ ಹಣ, ಸಂಬಳ ನಿಲ್ಲೋದು ಕೊನೆಗೆ. ಆಗಿನವರಿಗೆ ಇದನ್ನು ನೋಡೋಕೆ ಇಷ್ಟು ಸುಲಭದ ದಾರಿ ಇರಲಿಲ್ಲ. ನಿಮಗೆ ಯುಎಎನ್ (ನಿಮ್ಮ ಪಿಎಫ್ ನಂಬರ್) ಇದೆ, ಸರ್ಕಾರದ ಉಮಂಗ್ ಆ್ಯಪ್ ಇದೆ, ಎರಡು ನಿಮಿಷದ ಕೆಲಸ. ಪ್ರತಿ ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪಾಸ್‌ಬುಕ್‌ನಲ್ಲಿ ಏರೋದು ಕೆಲವು ಸಲ ತಡವಾಗುತ್ತೆ, ಒಂದು ತಿಂಗಳು ಕಾಣದಿದ್ದರೆ ಗಾಬರಿ ಬೇಡ. ಸ್ಲಿಪ್‌ನಲ್ಲಿ ಕಡಿತ ಇದ್ದು ಪಾಸ್‌ಬುಕ್‌ನಲ್ಲಿ ಎರಡು ತಿಂಗಳು ಖಾಲಿ ಇದ್ದರೆ ಯೋಚನೆ ಮಾಡೋಕೆ ಏನೂ ಉಳಿದಿಲ್ಲ. ಕತ್ತರಿಸಿದ ಹಣ ಕಟ್ಟದಿರುವುದು ಕ್ರಿಮಿನಲ್ ಅಪರಾಧ. ಸ್ಲಿಪ್‌ಗಳನ್ನೆಲ್ಲ ಫೋಟೊ ತೆಗೆದು ಮನೆಯವರ ಫೋನಿಗೂ ಕಳಿಸಿಡಿ.

ಬಿಡುವಾಗ ಸುಮ್ನೆ ನಾಪತ್ತೆಯಾಗಬೇಡಿ, ಮೇಲ್‌ನಲ್ಲಿ ರಾಜೀನಾಮೆ ಕೊಡಿ. ಹಣ ಕೈಗೆ ಬರುವ ಮುಂಚೆ "ಎಲ್ಲ ಬಾಕಿ ಮುಟ್ಟಿದೆ" ಅನ್ನುವ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ. ಮಾಲೀಕರು ಪಿಎಫ್‌ನಲ್ಲಿ ನೀವು ಬಿಟ್ಟ ದಿನ ತುಂಬದಿದ್ದರೆ, ಕೊನೆಯ ಜಮೆಯಾಗಿ ಎರಡು ತಿಂಗಳಾದ ಮೇಲೆ ನೀವೇ ಆನ್‌ಲೈನ್‌ನಲ್ಲಿ ತುಂಬಬಹುದು. ಸಂಬಳ ಬಾಕಿ ಉಳಿಸಿಕೊಂಡರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ದೂರು ಕೊಡಿ.

ಶನಿ ದೆಸೆ ಮುಗಿಯುವವರೆಗೆ ಕೆಲಸ ಬದಲಿಸಬೇಡಿ ಅಂದಿದ್ದಾರೆ ಜ್ಯೋತಿಷಿ. ಏನು ಮಾಡಲಿ?

ಅವರಿಗೆ ಕೊಡುವ ದಕ್ಷಿಣೆಯಲ್ಲಿ ಒಂದು ಒಳ್ಳೆಯ ರೆಸ್ಯೂಮೆ ಮಾಡಿಸಿ.

ಕೆಲಸ ಬಿಟ್ಟು ಆಪ್ಷನ್ ಟ್ರೇಡಿಂಗ್ ಮಾಡಲಾ? 15,000ಕ್ಕೆ ಕೋರ್ಸ್ ಇದೆ.

ಖಂಡಿತ ಬೇಡ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಒ (ಫ್ಯೂಚರ್ ಮತ್ತು ಆಪ್ಷನ್ ಟ್ರೇಡಿಂಗ್) ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಇದು ಷೇರು ಮಾರುಕಟ್ಟೆ ನೋಡಿಕೊಳ್ಳುವ ಸೆಬಿಯೇ ಕೊಟ್ಟ ಲೆಕ್ಕ. ಕೋರ್ಸ್ ಮಾರುವವರು ಬದುಕುತ್ತಿರುವುದು ನಿಮ್ಮ ಆ 15,000ದಿಂದ.

ಮ್ಯಾನೇಜರ್ ನನ್ನ ಜೊತೆ ಸರಿಯಾಗಿ ಮಾತಾಡಲ್ಲ. ಬಿಡಲಾ?

ಇಷ್ಟು ಮಾತ್ರಕ್ಕೆ ಬೇಡ.

ಮುಂದಿನ ಸಲ ಬರೆಯುವಾಗ ನಿಮ್ಮ ಬೇಸಿಕ್ ಎಷ್ಟು, ಸೇರಿದ ತಾರೀಖು ಯಾವುದು, ಪಾಸ್‌ಬುಕ್‌ನಲ್ಲಿ ಕೊನೆಗೆ ಜಮೆಯಾದ ತಿಂಗಳು ಯಾವುದು, ಈ ಮೂರನ್ನೂ ಬರೆಯಿರಿ. ಇವಿಲ್ಲದ ಪತ್ರಕ್ಕೆ ನಾನು ಉತ್ತರ ಕೊಡಲಾರೆ.