ಹಳೆಯ ಆತ್ಮ, ಎಳೆಯ ಆತ್ಮ: ಅಣ್ಣನನ್ನು ದೂರ ಇಡಬೇಕಾ?

ನಿಮ್ಮದು ಹಳೆಯ ಆತ್ಮ, ಸದಾ ಜಾಗ, ದುಡ್ಡು ಅಂತ ಓಡಾಡುವ ಅಣ್ಣನದು ಎಳೆಯ ಆತ್ಮ, ಅವರಿಂದ ದೂರ ಇರಿ ಎಂದು ಯಾರೋ ಹೇಳಿದರು, ನಂಬಬಹುದಾ ಎಂದು ಕೇಳಿದ್ದೀರಿ. ದೂರ ಇರಿ ಅನ್ನುವ ಮಾತನ್ನು ಖಂಡಿತ ನಂಬಬೇಡಿ.

ಜನ್ಮ ಜನ್ಮಗಳಲ್ಲಿ ಕಲಿಯುತ್ತಾ ಹೋಗುವ ಆತ್ಮಕ್ಕೆ ಶಿಶು, ಮಗು, ಎಳೆಯ, ಪ್ರೌಢ, ಹಳೆಯ ಎಂದು ಐದು ವಯಸ್ಸು ಹೇಳುವುದು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, 'ಮೈಕೆಲ್' ಎಂಬ ಅಶರೀರ ಚೇತನ ಹೇಳಿದ್ದು ಎನ್ನಲಾಗುವ ಬೋಧನೆ. ಒಂದೊಂದರಲ್ಲೂ ಏಳು ಮೆಟ್ಟಿಲು. ಆದರೆ ಆ ಬೋಧನೆಯ ಪ್ರಕಾರವೇ ಹಳೆಯದು ಮೇಲಲ್ಲ, ಎಳೆಯದು ಕೀಳಲ್ಲ. ಒಂದನೇ ಕ್ಲಾಸಿನ ಮಗುವನ್ನು ಹತ್ತನೇ ಕ್ಲಾಸಿನವರಿಗಿಂತ ಕೆಟ್ಟದ್ದು ಅನ್ನುತ್ತೇವಾ? ಎಳೆಯ ಆತ್ಮದ ಪಾಠವೇ ದುಡಿದು ಗೆಲ್ಲುವುದು. ಹಳೆಯ ಆತ್ಮಕ್ಕೆ ಉದಾಸೀನ ಜಾಸ್ತಿ ಅಂತಲೂ ಹೇಳುತ್ತಾರೆ. ಅಳೆದು ನೋಡುವ ದಾರಿ ಇಲ್ಲ, ನಂಬಿಕೆ ಅಷ್ಟೇ.

ಗೀತೆಯ ಆರನೇ ಅಧ್ಯಾಯದಲ್ಲೂ ಯೋಗದ ದಾರಿಯಲ್ಲಿ ಜಾರಿದವನು ಮುಂದಿನ ಜನ್ಮದಲ್ಲಿ ಬಿಟ್ಟಲ್ಲಿಂದಲೇ ಮುಂದುವರಿಯುತ್ತಾನೆ ಅಂತಿದೆ. ಅವನು ಸಿರಿವಂತರ ಮನೆಯಲ್ಲೂ ಹುಟ್ಟಬಹುದು! ನಮ್ಮ ಕಾಸರಗೋಡು ಜಿಲ್ಲೆಯ ಹೊಸದುರ್ಗದ ಸ್ವಾಮಿ ರಾಮದಾಸರನ್ನೇ ನೋಡಿ. 1884ರಲ್ಲಿ ಹುಟ್ಟಿದವರು. ಸಂಸಾರ, ವ್ಯಾಪಾರ, ಸಾಲ ಎಲ್ಲ ಕಂಡು 1922ರಲ್ಲಿ ಮನೆ ಬಿಟ್ಟರು. ಕಾಞಂಗಾಡಿನಲ್ಲಿ ಆನಂದಾಶ್ರಮ ಶುರುವಾದದ್ದು 1931ರಲ್ಲಿ. ವ್ಯಾಪಾರದ ಲೆಕ್ಕ ನೋಡುತ್ತಾ ಕೂತಿದ್ದ ಕಾಲದಲ್ಲಿ ಅವರನ್ನು ಎಳೆಯ ಆತ್ಮ ಅಂತಲೇ ಅನ್ನುತ್ತಿದ್ದರೋ ಏನೋ, ಅಲ್ವಾ?

ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದು, ರಾತ್ರಿ ಎದ್ದು ಮಾತ್ರೆ ಕೊಡುವುದು ಅಣ್ಣನೇ ಅಂತ ನೀವೇ ಬರೆದಿದ್ದೀರಲ್ಲ. ಮುಂದಿನ ಸಲ ನೀವೂ ಜೊತೆಗೆ ಹೋಗಿ. ಜಾಗದ ವಿಷಯ ಅವತ್ತು ಎತ್ತಬೇಡಿ. ಸುಮ್ನೆ ಅಮ್ಮನ ಮಾತ್ರೆ ಚೀಟಿ ನೀವು ಇಟ್ಟುಕೊಳ್ಳಿ, ಅಣ್ಣ ಸ್ವಲ್ಪ ಕೂರಲಿ.