ಚಾಂಗಾ ಎಂಬ ಮಿಶ್ರಣವನ್ನು ಮೊದಲು ಮಾಡಿದವರು ಯಾರು?

ನೀವು ಕೇಳಿದ್ದು ಇಷ್ಟು: ಚಾಂಗಾ ಎಂಬ ಸೇದುವ ಮಿಶ್ರಣವನ್ನು ಆಸ್ಟ್ರೇಲಿಯಾದ ಜೂಲಿಯನ್ ಪಾಮರ್ ಕಂಡುಹಿಡಿದರು ಅಂತ ಕೆಲವರು, ಇಲ್ಲ, ಅದು ಮೊದಲೇ ಇತ್ತು ಅಂತ ಇನ್ನು ಕೆಲವರು. ಯಾರ ಮಾತು ಸರಿ?

ಗಿಡಮೂಲಿಕೆಗಳ ಚರಿತ್ರೆಯನ್ನು ಹುಡುಕಿ ಓದುವವನು ನಾನು. ನನ್ನ ಪ್ರಕಾರ ಹೆಸರು ಪಾಮರ್ ಅವರದ್ದು. 2000ರ ದಶಕದ ಆರಂಭದಲ್ಲಿ ಅವರು ಅದಕ್ಕೆ ಆ ಹೆಸರಿಟ್ಟರು, ಅಲ್ಲಿಂದ ಅದು ಹಬ್ಬಿತು. ಅಷ್ಟು ಪಾಲು ಅವರಿಗೆ ಸಲ್ಲಬೇಕು. ಆದರೆ ಅದರ ಹಿಂದಿನ ಉಪಾಯ ತುಂಬಾ ಹಳೆಯದು.

ಚಾಂಗಾದಲ್ಲಿ ಮುಖ್ಯವಾಗಿ ಎರಡು ಇವೆ. ಒಂದು ಡಿಎಂಟಿ, ಕೆಲವು ಗಿಡಗಳಲ್ಲಿ ಸಿಗುವ, ಭ್ರಮೆ ಹುಟ್ಟಿಸುವ ಬಲವಾದ ವಸ್ತು. ಇನ್ನೊಂದು ಹೆಚ್ಚಾಗಿ ಕಾಪಿ (ನಾವು ಕುಡಿಯುವ ಕಾಫಿ ಅಲ್ಲ, caapi) ಎಂಬ ಅಮೆಜಾನ್ ಬಳ್ಳಿಯಿಂದ ಬರುವ ಹಾರ್ಮೀನ್ ಜಾತಿಯ ವಸ್ತು. ಡಿಎಂಟಿಯನ್ನು ನಮ್ಮ ಮೈಯೊಳಗಿನ ಒಂದು ಕಿಣ್ವ ಬೇಗ ಒಡೆದುಹಾಕುತ್ತದೆ. ಬಳ್ಳಿ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. (ಅದಕ್ಕೇ ಖಿನ್ನತೆಗೆ ಮಾತ್ರೆ ತಗೊಳ್ಳುವವರಿಗೆ ಈ ಬಳ್ಳಿ ಪ್ರಾಣಕ್ಕೇ ಕುತ್ತಾಗಬಹುದು. ಭಾರತದಲ್ಲಿ ಡಿಎಂಟಿ ಇಟ್ಟುಕೊಳ್ಳುವುದೂ ಅಪರಾಧ.) ಅಮೆಜಾನ್ ಕಾಡಿನ ಜನರ ಅಯಹುವಾಸ್ಕ ಕಷಾಯದ ಗುಟ್ಟು ಇದೇ ಜೋಡಿ.

ಕುಡಿಯುವುದು ಬೇರೆ, ಸೇದುವುದು ಬೇರೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. 1960ರ ದಶಕದಲ್ಲೇ ಅಮೆರಿಕದಲ್ಲಿ ಪಾರ್ಸ್ಲಿ ಎಲೆಗೆ ಡಿಎಂಟಿ ಹಿಡಿಸಿ ಸೇದುತ್ತಿದ್ದರು, ಬಳ್ಳಿ ಇಲ್ಲದೆ. ಆಮೇಲೆ ದಕ್ಷಿಣ ಅಮೆರಿಕದ ಒರಿನೋಕೊ ನದಿ ಕಡೆಯ ಪಿಯರೋವಾ ಜನರ ಬಗ್ಗೆ ಓದಿದೆ. ಅವರು ಯೋಪೋ ಬೀಜ ಅರೆದು ನಶ್ಯ ಮಾಡುತ್ತಾರೆ. ಅದರಲ್ಲಿರುವುದು ಡಿಎಂಟಿಯ ಹತ್ತಿರದ ನೆಂಟ ಬ್ಯುಫೊಟೆನಿನ್. ನಶ್ಯ ಏರಿಸುವ ಮೊದಲು ಅವರು ಜಗಿಯುವುದು ಏನನ್ನು ಗೊತ್ತಾ? ಇದೇ ಕಾಪಿ ಬಳ್ಳಿ! ಹೊಟ್ಟೆಗೆ ಇಳಿಸದೆ ಏರಿಸುವ ವಸ್ತುವಿಗೂ ಈ ಬಳ್ಳಿ ಜೊತೆಯಾಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಈಚಿನವರಲ್ಲಿ ಎಲೆಗೆ ಎರಡನ್ನೂ ಸೇರಿಸಿ ಸೇದಿದ ಮೊದಲಿಗರು ಯಾರು ಅನ್ನುವ ಜಗಳ ಸುಲಭಕ್ಕೆ ತೀರುವುದಿಲ್ಲ. ಕಾನೂನು ಒಪ್ಪದ ಕೆಲಸಕ್ಕೆ ಯಾರೂ ಲೆಕ್ಕ ಬರೆದಿಡುವುದಿಲ್ಲ.

ನನಗೆ ಇದು ಸುಮ್ನೆ ಹೆಸರಿನ ಜಗಳವಾಗಿ ಕಾಣುವುದಿಲ್ಲ. 1986ರಲ್ಲಿ ಅಮೆರಿಕದ ಒಬ್ಬರು ಕಾಪಿ ಬಳ್ಳಿಯ ಒಂದು ತಳಿಗೇ ಪೇಟೆಂಟ್ ಪಡೆದರು. ಅಮೆಜಾನ್ ಮೂಲನಿವಾಸಿಗಳ ಒಕ್ಕೂಟ ಹೋರಾಡಿ 1999ರಲ್ಲಿ ಅದನ್ನು ರದ್ದು ಮಾಡಿಸಿತು. 2001ರಲ್ಲಿ ಅದು ಮತ್ತೆ ಅದೇ ವ್ಯಕ್ತಿಯ ಕೈಸೇರಿತು. ಓದಿದಾಗ ಹೊಟ್ಟೆ ಉರಿಯಿತು. ಅರ್ಜೆಂಟೀನಾದ ಇಂಕಾ ಕುಯೇವಾ ಗವಿಯಲ್ಲಿ ಪ್ಯೂಮಾ ಮೂಳೆಯ ಚಿಲುಮೆಗಳು ಸಿಕ್ಕಿವೆ, ಸುಮಾರು 4000 ವರ್ಷ ಹಳೆಯವು. ಅವುಗಳಲ್ಲಿ ಉಳಿದಿದ್ದ ಕರಕಿನಲ್ಲಿ ಡಿಎಂಟಿ ಪತ್ತೆಯಾಗಿದೆ. ಆ ಚಿಲುಮೆ ಕೊರೆದವರ ಹೆಸರನ್ನು ಯಾವ ಪೇಟೆಂಟ್ ಕಚೇರಿಯೂ ಕೇಳಲಿಲ್ಲ.